ಗಂಟಲಲ್ಲಿ ಹಲ್ಲಿರುವ ಮೀನು

"ಆ ಮೀನು ನನ್ನದು!"

ಅವಳು ಹಾಗೆನ್ನುವಾಗ ಮೀನಿನ ತಲೆ ಅವಳ ಕೈಯಲ್ಲಿತ್ತು. ಬಾಲ ಅವನ ಕೈಯಲ್ಲಿ. ನಡುವೆ ಮೊಳದುದ್ದದ ಗೆಂಡೆಮೀನು. ಇಬ್ಬರೂ ಬಿಡುವವರಲ್ಲ.

ಅವನು ಮೀನು ಮಾರುಕಟ್ಟೆಯ ಎದುರಿನ ಹೋಟೆಲಿನ ಅಡುಗೆಯವನು. ಅವಳು ಮೀನಿನ ದೇಹರಚನೆಯ ಸಂಶೋಧಕಿ.

"ನನಗೆ ತಲೆ ಸಾಕು," ಎಂದಳು ಸ್ವಲ್ಪ ದನಿ ಇಳಿಸಿ.

"ನಂಗೆ ತಲೆ ಬಿಟ್ಟು ಉಳಿದಿದ್ದು ಸಾಕು. ಮೊದಲೇ ಹೇಳಬಾರದಿತ್ತಾ?"

ಮೀನು ಮಾರುವ ಅಕ್ಕ ನಗುತ್ತಾ ಕತ್ತಿ ಎತ್ತಿದಳು. "ಜಗಳ ಮುಗೀತು. ತಗೊಳ್ಳಿ, ತಲೆ ಮೇಡಂ."

ಹೆಸರು ಅಂಟಿಕೊಂಡಿತು. ವಾಡಿಕೆಯೂ ಅಂಟಿಕೊಂಡಿತು. ದೊಡ್ಡ ಮೀನು ಬಂದರೆ ಅಕ್ಕ ಕತ್ತರಿಸುವಳು. ತಲೆ ಪ್ರಯೋಗಾಲಯಕ್ಕೆ, ಮೈ ಹೋಟೆಲಿಗೆ.

"ಮನೇಲಿ ಬೆಕ್ಕು ಎಷ್ಟಿವೆ?" ಎಂದು ಅವನು ಒಮ್ಮೆ ಕೇಳಿದ.

"ಒಂದೂ ಇಲ್ಲ," ಎಂದು ನಕ್ಕಳೇ ಹೊರತು ವಿವರಿಸಲಿಲ್ಲ. ಕೆಲಸದ ಮಾತೆತ್ತಿದರೆ ಜನ ಆಕಳಿಸುತ್ತಾರೆ. ಬೇರೆಯವರು ಆಕಳಿಸಿದರೆ ಆಕಳಿಸಲಿ... ಇವನು ಮಾತ್ರ ಬೇಡ ಎನಿಸಿತು. ಆಗಲೇ ಅರ್ಥವಾಗಬೇಕಿತ್ತು ಹುಡುಗಿಗೆ. ಆಗಲಿಲ್ಲ.

ಗೆಂಡೆಮೀನಿನ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಪುಟ್ಟ ಮರಿಯಲ್ಲಿ ಧೂಳಿನ ಕಣದಷ್ಟಾಗಿ ಮೊಳೆಯುವ ಆ ಹಲ್ಲು ಬೆಳೆಬೆಳೆಯುತ್ತಾ ಏನಾಗುತ್ತದೆ? ವರ್ಷಗಳಿಂದ ಅವಳ ಸುಖವೆಲ್ಲ ಆ ಪ್ರಶ್ನೆಯಲ್ಲೇ ಇತ್ತು. ಮೊಟ್ಟೆಯಿಂದ ಹಿಡಿದು ಮೀನಿನ ಒಂದೊಂದು ವಯಸ್ಸಿಗೆ ಒಂದೊಂದರಂತೆ ಸಾಲಾಗಿ ಸೀಸೆಗಳು. ಕೊನೆಯದೊಂದು ಖಾಲಿ. ಮುದಿ ಮೀನು ಸಿಗದೆ ಸಂಶೋಧನೆ ಮುಗಿಯುವಂತಿರಲಿಲ್ಲ.

"ತುಂಬಾ ವಯಸ್ಸಾದ ಮೀನು ಸಿಕ್ಕರೆ ತಲೆ ನನಗೇ ಇಡಿ," ಎಂದಷ್ಟೇ ಅವನಿಗೆ ಹೇಳಿದ್ದಳು.

ಸಿಕ್ಕಿತು. ಅವನೇ ಪ್ರಯೋಗಾಲಯದ ಬಾಗಿಲಿಗೆ ತಂದ. ಮುಖವೆಲ್ಲ ನಗು.

"ಈ ಸಲ ನಾನೇ ಕತ್ತರಿಸಿದೆ. ಒಳಗಿನ ಗಲೀಜೆಲ್ಲ ತೆಗೆದು ತೊಳೆದೆ. ನಿಮ್ಮ ಕೈ ಯಾಕೆ ಕೊಳೆಯಾಗಬೇಕು ಅಂತ..."

ತಲೆ ಥಳಥಳ ಹೊಳೆಯುತ್ತಿತ್ತು. ಒಳಗೆ ಕಿವಿರಿಲ್ಲ, ಗಂಟಲಿಲ್ಲ.

"ನನಗೆ ಬೇಕಿದ್ದದ್ದೇ ಆ ಗಲೀಜು. ನಿಮಗೆ ಮೀನು ಅಂದ್ರೆ ಬರೀ ಸಾರು ಅಲ್ವಾ? ಹೋಗಿ ಇಲ್ಲಿಂದ."

ಅವನ ನಗು ಆರಿತು. ತಲೆಯನ್ನು ಅಲ್ಲೇ ಇಟ್ಟು ಹೋದ.

ಅವಳು ಮಾರುಕಟ್ಟೆಯ ಕಡೆಗೇ ಸುಳಿಯಲಿಲ್ಲ. ಆದರೆ ಕೋಪ ಎಷ್ಟು ದಿನ ನಿಂತೀತು?

'ಗಂಟಲು ಬೇಕು ಅಂತ ನಾನು ಯಾವತ್ತು ಹೇಳಿದ್ದೆ? ತಲೆ ಅಂದೆ, ತಲೆ ತಂದ. ನನ್ನ ಕೈ ಕೊಳೆಯಾಗಬಾರದು ಅಂತ ಈವರೆಗೆ ಯಾರಾದರೂ ಯೋಚಿಸಿದ್ದರಾ...'

ಸೀಸೆ ಖಾಲಿ ಇದ್ದರೆ ಇರಲಿ ಎಂದುಕೊಂಡಳು. ಅವನನ್ನು ಕಳೆದುಕೊಳ್ಳುವುದು ಅವಳಿಂದ ಆಗದ ಮಾತು.

ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಹೋಟೆಲಿನ ಹಿಂಬಾಗಿಲಿಗೆ ಹೋದಳು. ಅವನು ಪಾತ್ರೆ ಉಜ್ಜುತ್ತಿದ್ದ.

"ತಪ್ಪು ನನ್ನದು," ಎಂದು ಶುರುಮಾಡಿ ಎಲ್ಲ ಹೇಳಿದಳು. ಮೊಟ್ಟೆ, ಮರಿ, ಹಲ್ಲು, ಖಾಲಿ ಸೀಸೆ. ಅವನು ಆಕಳಿಸಲಿಲ್ಲ. ಉಜ್ಜುವುದನ್ನೂ ಮರೆತ.

"ಗಂಟಲಲ್ಲಿ ಹಲ್ಲಾ?"

"ಹೂಂ."

ಅವನು ಕೈ ಒರೆಸಿಕೊಂಡು ಗೂಡಿನಿಂದ ಒಂದು ಟೀ ಲೋಟ ಇಳಿಸಿದ. ಅದರಲ್ಲಿ ಬೆಳ್ಳಗಿನ ಎರಡು ಬಾಗಿದ ಮೂಳೆಗಳು. ಒಂದೊಂದರ ಮೇಲೂ ಸವೆದ ಹಲ್ಲುಗಳ ಸಾಲು.

"ನಾನು ತಲೆ ಗಿಡ್ಡ ಕತ್ತರಿಸಿದ್ದೆ ಅನ್ಸುತ್ತೆ. ಇವು ಮೈ ಜೊತೆ ಉಳಿದು ಸಾರಿನ ಪಾತ್ರೆಗೆ ಬಿದ್ದಿವೆ. ಸೋಸುವಾಗ ಸಿಕ್ಕವು. ಏನಿದು ಅಂತ ನಿಮ್ಮನ್ನೇ ಕೇಳೋಣ ಅಂತ ಎತ್ತಿಟ್ಟೆ. ನೀವು ಹೋಗಿ ಅಂದಿದ್ರಲ್ಲ... ಧೈರ್ಯ ಬರಲಿಲ್ಲ."

ಅವಳ ಕಣ್ಣು ತುಂಬಿತು. ಅವನು ಗಾಬರಿಯಾದ.

"ಕುದಿಸಿ ಹಾಳು ಮಾಡಿಬಿಟ್ನಾ?"

"ಇಲ್ಲ. ನಾವೂ ಮೂಳೆ ಶುಚಿ ಮಾಡೋದು ಬಿಸಿನೀರಲ್ಲೇ. ಉಪ್ಪು, ಖಾರ ಹಾಕಲ್ಲ, ಅಷ್ಟೇ."

ಇಬ್ಬರೂ ನಕ್ಕರು. ಲೋಟ ಅವಳ ಕೈಗೆ ಬಂತು, ಅವನ ಬೆರಳು ಮಾತ್ರ ಅದನ್ನು ಬಿಡಲಿಲ್ಲ.

"ಈ ಸಲ ಏನು ಬೇಕು ಅಂತ ಸರಿಯಾಗಿ ಹೇಳಿಬಿಡಿ, ತಲೆ ಮೇಡಂ. ಮತ್ತೆ ತಪ್ಪಾದರೆ ನಾನು ತಡ್ಕೊಳ್ಳಲ್ಲ."

"ಇನ್ನು ಮೇಲೆ ಮೀನು ಕತ್ತರಿಸಬೇಡಿ. ಇಡೀ ಮೀನು ನಮ್ಮನೆಗೆ ತನ್ನಿ. ನೀವೂ ಬನ್ನಿ."

"ಯಾವತ್ತು?"

"ದಿನಾ," ಎಂದಳು.