ಎದ್ದು ಹೋಗುವ ಕಿವಿ

ಕಾಂಬೋಧಿ ರಾಗದ ಆಲಾಪನೆ ಇನ್ನೂ ಮೂರನೆಯ ಉಸಿರಿನಲ್ಲಿತ್ತು. ಅಷ್ಟರಲ್ಲಿ ಹಾಡುಗಾರ್ತಿ ಎದ್ದು ಪಕ್ಕದ ಕೋಣೆಗೆ ಹೋದಳು. ಭಾರ್ಗವನಿಗೆ ಹಾಗೆಯೇ ಅನ್ನಿಸಿತು. ಎರಡು ಸ್ಪೀಕರುಗಳ ನಡುವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದ ದನಿ ಮೆಲ್ಲಗೆ ಹಿಂದೆ ಸರಿಯಿತು. ಅದರ ಜಾಗದಲ್ಲಿ ಸುಯ್ಯೆನ್ನುವ ಸಣ್ಣ ಸದ್ದೊಂದು ಬಂದು ಕೂತಿತು. ಅಡುಗೆಮನೆಯಲ್ಲಿ ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಏಳುವ ಸದ್ದು ಅದು. ಕೆನೆ ಬಿರಿಯುವುದು ಕೂಡ ಕೇಳಿಸುವಷ್ಟು ಸ್ಪಷ್ಟವಾಗಿತ್ತು. ಒಲೆ ತಾನಾಗಿಯೇ ಆರಿತು. ಹಾಡುಗಾರ್ತಿ ಹಿಂದಿರುಗಿದಳು. ಎರಡು ಸ್ವರ ಹಾಡಿದ್ದಳೋ ಇಲ್ಲವೋ, ಗೇಟಿನ ಚಿಲಕ ಅಲುಗಿತು, ಮತ್ತೆ ಹೋದಳು. ಆಮೇಲೆ ಮಹಡಿಯ ಟ್ಯಾಂಕಿಗೆ ನೀರು ಬೀಳುವ ಸದ್ದು. ಅದಾದ ಮೇಲೆ ಪಕ್ಕದ ಮನೆಯ ಮಗುವಿನ ಕೆಮ್ಮು.

"ಬಿಂದೂ! ಈ ಡ್ಯಾಕ್ ಕೆಟ್ಟಿದೆ ಕಣೇ!" ಎಂದು ಅವನು ಕೂಗಿದ.

ಹೆಂಡತಿ ಬಿಂದುಶ್ರೀ ಬಾಗಿಲಲ್ಲಿ ಒಂದು ಗಳಿಗೆ ನಿಂತು ಕೇಳಿದಳು. "ಚೆನ್ನಾಗೇ ಬರ್ತಿದೆಯಲ್ಲಾ. ಹಾಡು ಯಾವಾಗಲೂ ಹೀಗೇ ತಾನೆ ಇರೋದು?"

"ನಿನ್ನನ್ನ ಕೇಳಿದೆನಲ್ಲ, ನನಗೆ ಬುದ್ಧಿ ಇಲ್ಲ."

ಬಿಂದು ನಕ್ಕು ಒಳಗೆ ಹೋದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಮಾತಿಗೆ ನಗುವುದು ಅವಳಿಗೆ ಅಭ್ಯಾಸವಾಗಿತ್ತು.

ಇದು 2060ರ ಮಾತು. ಮೈಸೂರಿನ ಕುವೆಂಪುನಗರದ ಆ ಮನೆಗೆ ಒಂದು ವರ್ಷದಲ್ಲಿ ಬಂದ ಐದನೆಯ ಡ್ಯಾಕ್ ಅದು. ಸಂಗೀತವನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಕೂಡಿಟ್ಟಿರುತ್ತಾರೆ. ಆ ಸಾಲನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ತಿನ ಅಲೆಯಾಗಿ ತಿರುಗಿಸುವ ಪೆಟ್ಟಿಗೆಯೇ ಡ್ಯಾಕ್. ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಫೋನಿನೊಳಗೆ ಅಡಗಿರುವ ಅಕ್ಕಿಕಾಳಿನಷ್ಟು ಡ್ಯಾಕ್ ಸಾಕು. ಭಾರ್ಗವ ಉಳಿದ ಒಬ್ಬನ ಜಾತಿಗೆ ಸೇರಿದವನು. ಸರ್ವೇಯರ್ ಆಗಿ ನಿವೃತ್ತನಾಗಿದ್ದ ಅವನು ನಡುಮನೆಯಲ್ಲಿ ಟೇಪು ಹಿಡಿದು ಅಳೆದು, ಎರಡು ಸ್ಪೀಕರುಗಳಿಗೂ ಸಮದೂರದಲ್ಲಿ ಒಂದೇ ಒಂದು ಕುರ್ಚಿ ಹಾಕಿದ್ದ. ಅದರ ನಾಲ್ಕು ಕಾಲಿಗೂ ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿದ್ದ. ಅಂಗಡಿಯವರು ಹತ್ತು ದಿನ ಮನೆಯಲ್ಲಿಟ್ಟುಕೊಂಡು ಕೇಳಲು ಪೆಟ್ಟಿಗೆ ಕೊಡುತ್ತಿದ್ದರು. ಅವನು ಕೇಳಿ, ಗೆಳೆಯ ವಿಶ್ರುತನೊಡನೆ ಫೋನಿನಲ್ಲಿ ಗಂಟೆಗಟ್ಟಲೆ ಚರ್ಚಿಸಿ, ಕೊನೆಗೆ ಏನೋ ಒಂದು ಕೊರತೆ ಕಂಡು ಹಿಡಿದು ವಾಪಸು ಕಳಿಸುತ್ತಿದ್ದ.

ಮದುವೆಯಾದ ಹೊಸದರಲ್ಲಿ ಬಿಂದುವೂ ಅವನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೇಳಲು ಕೂರುತ್ತಿದ್ದಳು. ಆದರೆ ಕೃತಿಯೊಂದು ಮುಗಿಯುವುದರೊಳಗೆ ಮೂರು ಸಲ ಎದ್ದಿರುತ್ತಿದ್ದಳು. "ನಿನಗೆ ಸಂಗೀತದ ಕಿವಿ ಇಲ್ಲ ಬಿಡು" ಎಂದು ಅವನು ಬೇಸರವಿಲ್ಲದೆಯೇ ಹೇಳಿದ್ದ, ಒಬ್ಬರ ಎತ್ತರವನ್ನೋ ಬಣ್ಣವನ್ನೋ ಹೇಳುವ ಹಾಗೆ. ಅವಳೂ ಅದನ್ನು ಹಾಗೆಯೇ ನಂಬಿದಳು. ಬರಬರುತ್ತಾ ಚಾಪೆ ಹಾಸುವುದನ್ನು ಬಿಟ್ಟಳು. ಒಂದೊಂದು ಮಧ್ಯಾಹ್ನ ಬಟ್ಟೆ ಮಡಿಸುವಾಗ ಯಾವುದೋ ಸಾಲು ತಾನಾಗಿ ಗಂಟಲಿಗೆ ಬಂದರೆ ಬೇರೆಯವರ ವಸ್ತು ಕೈಗೆ ಸಿಕ್ಕಿತೇನೋ ಎಂಬಂತೆ ಸುಮ್ಮನಾಗಿಬಿಡುತ್ತಿದ್ದಳು.

ಭಾರ್ಗವ ದೂರು ಕೊಟ್ಟ ಮಾರನೆಯ ದಿನವೇ ಪೆಟ್ಟಿಗೆಯನ್ನು ರೂಪಿಸಿದ ವಿಜ್ಞಾನಿ ಖುದ್ದಾಗಿ ಬಂದಳು. ಅವಳ ಹೆಸರು ಡಾಕ್ಟರ್ ಧೃತಿ. ಮೂವತ್ತರ ಆಸುಪಾಸಿನವಳು, ಮಾತಿಗೊಮ್ಮೆ ಕನ್ನಡಕ ಏರಿಸಿಕೊಳ್ಳುವವಳು. ಅವಳ ಪೆಟ್ಟಿಗೆಯ ಹೆಸರು 'ಅನುಶ್ರುತಿ'. ಇಂಥದ್ದು ಪ್ರಪಂಚದಲ್ಲಿ ಮತ್ತೊಂದಿರಲಿಲ್ಲ.

"ನಮ್ಮ ಕಿವಿ ಬರೀ ಕೇಳಲ್ಲ ಸರ್, ತಾನೂ ಒಂದು ಸಣ್ಣ ದನಿ ಮಾಡತ್ತೆ," ಎಂದು ಧೃತಿ ಶುರು ಮಾಡಿದಳು. "ನೂರು ವರ್ಷದ ಹತ್ತಿರ ಆಯ್ತು ಅದನ್ನ ಕಂಡುಹಿಡಿದು. ನಮ್ಮ ಗಮನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಾಗ ಮೆದುಳು ಕಿವಿಯ ನರಗಳನ್ನ ಬಿಗಿ ಮಾಡತ್ತೆ, ಸಡಿಲ ಮಾಡತ್ತೆ. ಆಗ ಆ ದನಿ ಬದಲಾಗತ್ತೆ. ಕುರ್ಚಿಯ ತಲೆದಿಂಬಿನಲ್ಲಿರೋ ಮೈಕು ಅದನ್ನ ಓದತ್ತೆ. ನಿಮ್ಮ ಕಿವಿ ಯಾವುದರ ಕಡೆ ಬಾಗತ್ತೋ, ಹಾಡಾಗಲಿ ಮನೆಯ ಸದ್ದಾಗಲಿ, ಅದನ್ನ ಮುಂದೆ ತರೋದು, ಯಾವುದನ್ನ ಬಿಡತ್ತೋ ಅದನ್ನ ಅಳಿಸಿಹಾಕೋದು, ಇಷ್ಟೇ ಇದರ ಕೆಲಸ."

"ಗೊತ್ತಮ್ಮ. ಅದಕ್ಕೇ ತಾನೆ ತರಿಸಿದ್ದು! ಆದರೆ ಇದು ನನಗೆ ಹಾಲು ಕೇಳಿಸ್ತಾ ಇದೆ. ನಿಮ್ಮ ಯಂತ್ರಕ್ಕೆ ಕಾಂಬೋಧಿಗಿಂತ ನಂದಿನಿ ಹಾಲು ಇಷ್ಟವೋ?"

ಧೃತಿಗೆ ನಗು ತಡೆಯಲಾಗಲಿಲ್ಲ. ಪೆಟ್ಟಿಗೆಯ ದಾಖಲೆಯನ್ನು ಗೋಡೆಯ ಪರದೆಗೆ ಹಾಕಿದಳು. "ಪೆಟ್ಟಿಗೆ ಕಿವಿಯನ್ನ ಓದಿ ಕಲಿಯೋ ಅವಧಿ ಮೂರು ದಿನ, ದಿನಕ್ಕೆ ಮೂರು ಗಂಟೆ. ಸರಿಯಾಗಿದೆ. ಕೂತಿದ್ದವರು ಎಷ್ಟು ಚೆನ್ನಾಗಿ ಕೂತಿದ್ದಾರೆ! ಮಧ್ಯಾಹ್ನ ಎರಡರಿಂದ ಐದು. ನೀವೇ ತಾನೆ ಸರ್?"

"ನಾನು ಯಾಕೆ ಕೂರಲಿ? ಮೊದಲ ಮೂರು ದಿನ ಯಾರೂ ಕೇಳಬಾರದು. ಪಳಗಿಸ್ತಾ ಇದ್ದೆ."

"ಏನನ್ನ?"

"ಡ್ಯಾಕನ್ನ! ಹೊಸ ದೋಸೆ ಕಾವಲಿ ಇದ್ದ ಹಾಗೆ. ಮೊದಲು ಒಂದಷ್ಟು ಗಂಟೆ ಸುಮ್ಮನೆ ಹಾಡಿಸಿ ಬಿಡಬೇಕು. ಆಮೇಲೆ ತಾನೆ ಅದು ಹದಕ್ಕೆ ಬರೋದು? ಯಾವ ಶ್ರೋತೃವನ್ನ ಬೇಕಾದ್ರೂ ಕೇಳಿ. ಅದಕ್ಕೇ ನಾನು ಹಾಡು ಹಾಕಿಟ್ಟು ವಿಶ್ರುತನ ಮನೆಗೆ ಹೋಗ್ತಿದ್ದೆ."

"ಕೈಪಿಡಿ ಓದ್ಲಿಲ್ವಾ ಸರ್?"

"ಕೈಪಿಡಿ ಓದೋದು ಹೊಸಬರು," ಎಂದ ಭಾರ್ಗವ, ಸ್ವಲ್ಪ ಅಭಿಮಾನದಿಂದಲೇ.

"ಹಾಗಾದ್ರೆ ಇಲ್ಲಿ ಒಂಬತ್ತು ಗಂಟೆ ಕೂತಿದ್ದು ಯಾರು?"

ಬಿಂದು ಅಡುಗೆಮನೆಯ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ನಾನು," ಎಂದಳು ಬಿಂದು. ತಿಂಡಿ ಕದ್ದು ಸಿಕ್ಕಿಬಿದ್ದವಳಂತೆ ಅವಳ ಮುಖ ಕೆಂಪಾಗಿತ್ತು. "ಆಫ್ ಆಗದ ಹಾಗೆ ನೋಡ್ಕೋ ಅಂತ ಹೇಳಿ ಹೋಗಿದ್ರು. ಅವರೆಕಾಯಿ ಸುಲಿಯೋದಿತ್ತು. ಇವರಿರ್ಲಿಲ್ವಲ್ಲ, ಕುರ್ಚಿ ಖಾಲಿ ಇತ್ತು."

"ಅಂದ್ರೆ ಇದು ಕಲಿತಿರೋದು ನಿಮ್ಮ ಕಿವಿ ಆಂಟಿ. ಸರ್ ಕೇಳ್ತಾ ಇರೋದು ನಿಮ್ಮ ಕಿವಿಯಲ್ಲಿ!"

ಧೃತಿ ದಾಖಲೆಯ ಗೆರೆಗಳನ್ನು ದೊಡ್ಡದು ಮಾಡಿದಳು. ಒಂಬತ್ತು ಗಂಟೆಗಳಲ್ಲಿ ಬಿಂದುವಿನ ಕಿವಿ ಸಂಗೀತವನ್ನು ಬಿಟ್ಟು ನಾನೂರ ಹನ್ನೆರಡು ಸಲ ಎದ್ದು ಹೋಗಿತ್ತು. ಒಲೆಯ ಕಡೆಗೆ, ಗೇಟಿನ ಕಡೆಗೆ, ನಲ್ಲಿಯ ಕಡೆಗೆ, ಹೊರಗೆ ಬ್ರೇಕು ಹಾಕಿದ ಗಾಡಿಯ ಕಡೆಗೆ. ಮಗಳು ಮದುವೆಯಾಗಿ ಹೋಗಿ ನಾಲ್ಕು ವರ್ಷವಾಗಿತ್ತು. ಅವಳ ಕೋಣೆಯ ಕಡೆಗೂ ಹೋಗಿತ್ತು.

ಬಿಂದು ಆ ಸಂಖ್ಯೆಯನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷ ಅದು ಗಂಡನ ಅಭಿಪ್ರಾಯವಾಗಿತ್ತು. ಅಭಿಪ್ರಾಯ ತಪ್ಪಿರಬಹುದು ಎಂಬ ಕೂದಲೆಳೆಯಷ್ಟು ಆಸೆ ಅವಳೊಳಗೆ ಎಲ್ಲೋ ಇತ್ತು. ಈಗ ಯಂತ್ರವೂ ಅದನ್ನೇ ಹೇಳುತ್ತಿತ್ತು.

"ಇವರು ಹೇಳ್ತಿದ್ದದ್ದು ನಿಜಾನೇ ಬಿಡಮ್ಮ," ಎಂದಳು ಮೆಲ್ಲಗೆ. "ನನಗೆ ಸಂಗೀತದ ಕಿವಿ ಇಲ್ಲ."

"ಆಂಟಿ, ಇನ್ನೊಂದು ಗೆರೆ ನೋಡಿ. ಕಿವಿ ಹೋಗಿದ್ದು ಎಷ್ಟು ಸಲ ಅಂತ ಮೇಲಿದೆ. ವಾಪಸು ಬಂದಿದ್ದು ಎಲ್ಲಿಗೆ ಅಂತ ಕೆಳಗಿದೆ." ಧೃತಿ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು. ಕೃತಿಯ ಪಲ್ಲವಿಯನ್ನು ತಾಳದಲ್ಲಿ ಎತ್ತಿಕೊಳ್ಳುವ ಜಾಗವೊಂದಿದೆ. ಎಡುಪು ಎನ್ನುತ್ತಾರೆ. ಕೃತಿ ನಡೆಯುವಾಗ ಎದ್ದು ಹೋದ ಬಿಂದುವಿನ ಕಿವಿ ಪ್ರತಿಸಲವೂ ಸರಿಯಾಗಿ ಆ ಎಡುಪಿಗೇ ಮರಳಿತ್ತು. ಒಂದು ಅಕ್ಷರ ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ. "ಒಲೆ ಹತ್ತಿರ ನಿಂತಾಗಲೂ ಒಳಗೆ ತಾಳ ಓಡ್ತಾ ಇತ್ತು. ತಪ್ಪೇ ಇಲ್ಲ. ಎರಡು ವರ್ಷದಿಂದ ಸಂಗೀತಗಾರರ ಕಿವಿ ಓದ್ತಾ ಇದೀನಿ, ಇಂಥದ್ದನ್ನ ನಾನು ನೋಡಿಲ್ಲ."

ಭಾರ್ಗವ ಪರದೆಯ ಹತ್ತಿರ ಬಂದ. ಅಳತೆಯ ಮನುಷ್ಯ ಅವನು. ಗೆರೆ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು. ಒಂದೊಂದೇ ಗುರುತನ್ನು ಬೆರಳಲ್ಲಿ ಮುಟ್ಟುತ್ತಾ ಎಣಿಸಿದ. ಇಪ್ಪತ್ತರವರೆಗೆ ಎಣಿಸಿ ಕೈ ಇಳಿಬಿಟ್ಟ.

"ಒಲೆ ತಾನೇ ಆರತ್ತಲ್ಲೇ," ಎಂದ. "ಟ್ಯಾಂಕು ತಾನೇ ನಿಲ್ಲತ್ತೆ. ಹದಿನೈದು ವರ್ಷ ಆಯ್ತು ಅವನ್ನೆಲ್ಲಾ ಹಾಕಿಸಿ. ಇನ್ನೂ ಯಾಕೆ ಕಾಯ್ತಾ ಇದೀಯ?"

"ಕೈಗೆ ಗೊತ್ತು ಕಣ್ರೀ. ಕಿವಿಗೆ ಯಾರೂ ಹೇಳಲೇ ಇಲ್ಲ."

ಧೃತಿಯ ಹತ್ತಿರ ಭಾರ್ಗವನ ಕಿವಿಯ ದಾಖಲೆಯೂ ಇತ್ತು. ಹಿಂದಿನ ತಿಂಗಳು ಅಂಗಡಿಯಲ್ಲಿ ಅವನು ಈ ಪೆಟ್ಟಿಗೆಯನ್ನು ಕೇಳುತ್ತಾ ಎರಡು ಗಂಟೆ ಕೂತಿದ್ದಾಗ ಸಿಕ್ಕಿದ್ದು. "ಸರ್ ಕಿವಿ ಎದ್ದು ಹೋಗಿರೋದು ಒಂದೇ ಒಂದು ಸಲ," ಎಂದಳು. "ಹಿಂದುಗಡೆ ಯಾರೋ ಬೇರೆ ಕಂಪನಿ ಡ್ಯಾಕ್ ಬಗ್ಗೆ ಮಾತಾಡಿದಾಗ." ಆಮೇಲೆ ಅದನ್ನು ಪೆಟ್ಟಿಗೆಗೆ ತುಂಬಿದಳು. "ಈಗ ನೀವು ಕೂತ್ಕೊಳ್ಳಿ ಆಂಟಿ."

"ಅಯ್ಯೋ, ಕುಕ್ಕರ್ ಇಡಬೇಕು."

"ನಾನು ಇಡ್ತೀನಿ," ಎಂದ ಭಾರ್ಗವ.

"ಬೇಳೆ ಡಬ್ಬ ಎಲ್ಲಿದೆ ಗೊತ್ತೇನ್ರೀ?"

"ಹುಡುಕ್ತೀನಿ. ಊರು ಅಳೆದವನಿಗೆ ಬೇಳೆ ಸಿಗಲ್ವಾ? ಕೂರು ಸುಮ್ಮನೆ."

ಬಿಂದು ಕೂತಳು. ಅದೇ ಕಾಂಬೋಧಿ ಶುರುವಾಯಿತು. ಮೊದಲು ಅವಳಿಗೆ ಭಯವಾಯಿತು. ಗೇಟಿಲ್ಲ, ನಲ್ಲಿಯಿಲ್ಲ, ರಸ್ತೆಯಿಲ್ಲ. ಮನೆಯನ್ನೇ ಯಾರೋ ಎತ್ತಿಕೊಂಡು ಹೋದ ಹಾಗಿತ್ತು. ಎರಡು ಸಲ ಕುರ್ಚಿಯ ಕೈಗಳನ್ನು ಹಿಡಿದು ಏಳಲು ಹೋದಳು. ಧೃತಿ ಕಣ್ಣಿನಲ್ಲೇ ಬೇಡವೆಂದಳು. ಮೂರನೆಯ ಸಲ ಏಳಬೇಕೆನಿಸಲಿಲ್ಲ. ದನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಈವರೆಗೆ ಅವಳಿಗೆ ಗೊತ್ತಿದ್ದದ್ದು ಆ ಮೆಟ್ಟಿಲುಗಳಲ್ಲಿ ಒಂದೊಂದು ಮಾತ್ರ. ಇದರಿಂದ ಅದು ಹುಟ್ಟಿತು, ಅದಕ್ಕಾಗಿಯೇ ಇದು ಇಷ್ಟು ಹೊತ್ತು ಕಾಯಿತು ಎಂಬುದು ಈಗ ಗೊತ್ತಾಗುತ್ತಿತ್ತು. ತನ್ನ ಎರಡೂ ಕೈಗಳು ಮಡಿಲಲ್ಲಿ ಖಾಲಿ ಬಿದ್ದಿರುವುದು ಅವಳ ಗಮನಕ್ಕೆ ಬರಲಿಲ್ಲ. ಪಲ್ಲವಿ ಬಂತು, ಮೃದಂಗ ಬಂತು. ಅವಳ ಬಲಗೈ ತಾನಾಗಿ ಎದ್ದು ತೊಡೆಯ ಮೇಲೆ ತಾಳ ಹಾಕತೊಡಗಿತು.

ನಲವತ್ತು ನಿಮಿಷದ ಮೇಲೆ ಹಾಡು ಮುಗಿಯಿತು. ಬಿಂದು ಕಣ್ಣು ಬಿಟ್ಟಳು. ಭಾರ್ಗವ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಂಗಿಯ ಮುಂಭಾಗಕ್ಕೆ ಅರಿಶಿನ ಮೆತ್ತಿಕೊಂಡಿತ್ತು.

"ರೀ!" ಎಂದಳು. "ಅಂದ್ರೆ ನಿಮಗೆ ನಿಜವಾಗಲೂ ಏನೂ ಕೇಳಿಸ್ತಾನೇ ಇರ್ಲಿಲ್ವಾ? ಹಾಲು ಉಕ್ಕಿದ್ದು, ಮಗು ಅತ್ತಿದ್ದು, ನಾನು ಕರೆದಿದ್ದು... ಮೂವತ್ತೆರಡು ವರ್ಷ ನೀವು ಬೇಕಂತಲೇ ನಾಟಕ ಆಡ್ತೀರ ಅಂದ್ಕೊಂಡಿದ್ದೆ!"

"ನಾಟಕಾನಾ?"

"ಹೂಂ ಮತ್ತೆ! ಮನಸ್ಸಿನಲ್ಲಿ ಎಷ್ಟು ಬೈದಿದೀನಿ ಗೊತ್ತಾ?"

ಮೂವರೂ ನಕ್ಕರು. ಮೊದಲು ನಗು ನಿಲ್ಲಿಸಿದವನು ಭಾರ್ಗವ. "ನನಗೆ ನಿನ್ನೆ ನಿನ್ನ ಕಿವಿಯಲ್ಲಿ ಐದು ನಿಮಿಷ ಕೂರಕ್ಕಾಗಲಿಲ್ಲ ಕಣೇ," ಎಂದ. "ಯಂತ್ರ ಕೆಟ್ಟಿದೆ ಅಂತ ಕಂಪ್ಲೇಂಟ್ ಕೊಟ್ಟೆ." ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಹೇಗಿತ್ತು? ನನ್ನ ಕಿವಿ?"

ಬಿಂದು ಯೋಚಿಸಿದಳು. ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಆದರೂ ಉತ್ತರ ಸಿದ್ಧವಾಗಿಯೇ ಇತ್ತು.

"ನಿಮ್ಮದು ತುಂಬಾ ಗಟ್ಟಿ ಕುಳ. ಕೂತ್ರೆ ಕೂತೇ ಇರತ್ತೆ. ಆದರೆ ತಂಬೂರಿ ಸ್ವಲ್ಪ ಮಬ್ಬು ಕಣ್ರೀ. ತಂತಿ ಮೀಟಿದ ಮೇಲೆ ಕೊನೆಯಲ್ಲಿ ಒಂದು ಸಣ್ಣ ಬೆಳಕು ಬರತ್ತಲ್ಲ, ಅದು ನಿಮಗೆ ಕೇಳಿಸ್ತಿಲ್ಲ. ನನ್ನದ್ರಲ್ಲಿ ಅದಿದೆ."

ಭಾರ್ಗವ ಧೃತಿಯ ಕಡೆ ನೋಡಿದ. ಅವಳು ದಾಖಲೆ ನೋಡಿ, ಕನ್ನಡಕ ಏರಿಸಿಕೊಂಡು, ಹೌದೆಂದು ತಲೆಯಾಡಿಸಿದಳು. ವಯಸ್ಸಾದಂತೆ ಮೇಲಿನ ಸ್ಥಾಯಿಯ ಸೂಕ್ಷ್ಮಗಳು ಅವನ ಕಿವಿಯಿಂದ ಜಾರಿಹೋಗಿದ್ದವು. ವರ್ಷವಿಡೀ ಅವನು ಡ್ಯಾಕ್‌ಗಳಲ್ಲಿ ಕಂಡು ಹಿಡಿಯುತ್ತಿದ್ದ ಕೊರತೆ ಅದೇ ಆಗಿತ್ತು.

"ಇದನ್ನ ವಾಪಸ್ ಕಳಿಸಬೇಡಿ," ಎಂದಳು ಬಿಂದು. "ಇದು ನನಗೆ ಬೇಕು. ಆದರೆ ಇವರ ಕಿವಿ ತೆಗೆದುಬಿಡಮ್ಮ. ನಾನು ಮತ್ತೆ ಕೂರ್ತೀನಿ. ಈ ಸಲ ಅವರೆಕಾಯಿ ಇಲ್ಲದೆ."

ಅನುಶ್ರುತಿಯನ್ನು ಧೃತಿ ರೂಪಿಸಿದ್ದು ಒಂಟಿಯಾಗಿ ಕೂತು ಕೇಳುವ ರಸಿಕರಿಗೆಂದು. ಅದು ಬಿಕರಿಯಾದದ್ದು ಬೇರೆ ಕಾರಣಕ್ಕೆ. ಎರಡು ವರ್ಷದೊಳಗೆ ಮೈಸೂರು, ತುಮಕೂರು, ಹುಬ್ಬಳ್ಳಿಯ ಮನೆಗಳಲ್ಲಿ ಜನ ಒಬ್ಬರ ಕಿವಿಯನ್ನು ಇನ್ನೊಬ್ಬರು ಕೇಳತೊಡಗಿದರು. ಅಣ್ಣ ತಂಗಿಯದನ್ನು ಕೇಳಿದ, ಸೊಸೆ ಅತ್ತೆಯದನ್ನು. ಕೆಲವು ಮನೆಗಳಲ್ಲಿ ಜಗಳವೂ ಆಯಿತು. ಬಿಂದುವಿನ ಕಿವಿ ಎದ್ದು ಹೋಗುವ ಸಂಖ್ಯೆ ತಿಂಗಳು ತಿಂಗಳಿಗೆ ಇಳಿಯಿತು. ಭಾರ್ಗವನದು ಏರಿತು. ಒಂದು ಸಂಜೆ ಪಲ್ಲವಿಯ ನಡುವೆ ಎದ್ದು ಹೋಗಿ ಗೇಟು ತೆಗೆದು ಬಂದವನು, ತಾಳ ಎಲ್ಲಿದೆಯೆಂದು ತಿಳಿಯದೆ ತಡವರಿಸಿ, ಹೆಂಡತಿಯ ಕೈಯನ್ನು ನೋಡಿ ಸರಿಮಾಡಿಕೊಂಡ.

ಆದರೆ ಆ ಮೊದಲ ದಿನ, ಹೊರಡುವ ಮುನ್ನ, ಧೃತಿ ಒಂದು ಪ್ರಶ್ನೆ ಕೇಳಿದ್ದಳು. "ಆಂಟಿ, ಹೀಗೆ ಒಂದು ಹಾಡನ್ನ ಪೂರ್ತಿ ಕೇಳಿದ್ದು ಇದೇ ಮೊದಲಾ?"

"ಇಲ್ಲಮ್ಮ, ಒಂದು ಸಲ ಕೇಳಿದೀನಿ," ಎಂದಳು ಬಿಂದು. ಅವಳ ಮುಖದಲ್ಲಿ ಇಪ್ಪತ್ತೆರಡರ ಹುಡುಗಿಯೊಬ್ಬಳು ಇಣುಕಿದಳು. "ಎರಡು ಸಾವಿರದ ಇಪ್ಪತ್ತಾರರಲ್ಲಿ. ಆಗಿನ್ನೂ ಮದುವೆ ಆಗಿರ್ಲಿಲ್ಲ. ಕಾಲೇಜಿಂದ ಸಿಟಿ ಬಸ್ಸಲ್ಲಿ ಬರ್ತಿದ್ದೆ, ಕಿಟಕಿ ಪಕ್ಕ. ಎರಡು ಕಿವಿಗೂ ಇಯರ್‌ಫೋನ್. ನನ್ನ ಸ್ಟಾಪು ಹೋಗಿದ್ದೇ ಗೊತ್ತಾಗ್ಲಿಲ್ಲ. ಕೊನೇ ಸ್ಟಾಪಲ್ಲಿ ಕಂಡಕ್ಟರ್ ಬಂದು, ಏನಮ್ಮಾ, ನಿದ್ದೆ ಬಂತಾ ಅಂತ ಕೇಳಿದ್ರು. ನಿದ್ದೆ ಎಲ್ಲಿ ಬಂದಿತ್ತು! ಅಷ್ಟು ಎಚ್ಚರವಾಗಿ ನಾನು ಯಾವತ್ತೂ ಇರ್ಲಿಲ್ಲ."

ಆ ಹುಡುಗಿ ಈ ವರ್ಷ, ಅಂದರೆ ನೀವು ಇದನ್ನು ಓದುತ್ತಿರುವ 2026ರಲ್ಲಿ, ಯಾವುದೋ ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಕೂತಿದ್ದಾಳೆ. ಅವಳ ನಿಲ್ದಾಣ ಬಂದು ಹೋಗುತ್ತಿದೆ. ಪಕ್ಕದಲ್ಲಿ ಕೂತವರು ಈಗಲೇ ಅವಳ ಭುಜ ಮುಟ್ಟದಿದ್ದರೆ ಒಳ್ಳೆಯದು.