ಹೆಬ್ಬೆರಳಷ್ಟು ಸಡಿಲ

"ರೀ, ರೀ! ಓಡ್ತಿರೋ ಇಂಜಿನ್ನಿಗೆ ನೀರು ಹಾಕ್ತೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

ಚೂಡಾಮಣಿ ಇಷ್ಟು ಜೋರಾಗಿ ಕೂಗಿದರೂ ಮೌನೇಶ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಚೊಂಬನ್ನು ಓರೆ ಮಾಡಿ, ತುಳಸಿಗೆ ನೀರೆರೆಯುವಷ್ಟು ಜೋಪಾನವಾಗಿ, ತಿರುಗುತ್ತಿದ್ದ ಬೆಲ್ಟಿನ ಮೇಲೆ ಒಂದು ಎಳೆ ನೀರು ಬಿಟ್ಟ. ಅಷ್ಟು ಹೊತ್ತೂ ಕೀರಲು ದನಿಯಲ್ಲಿ ಬಡಿದುಕೊಳ್ಳುತ್ತಿದ್ದ ಫಿಯೆಟ್ ಗಪ್ಪನೆ ಸುಮ್ಮನಾಯಿತು. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಶುರು ಹಚ್ಚಿಕೊಂಡಿತು.

"ಬೇರಿಂಗ್ ಅಲ್ರಿ ಅಕ್ಕೋರ. ಬೇರಿಂಗ್ ಆಗಿದ್ರ ನೀರಿಗೆ ಬಗ್ತಿದ್ದಿಲ್ಲ. ಇದು ಬೆಲ್ಟ್."

ಬಿಟಿಎಂ ಲೇಔಟಿನ ಒಬ್ಬ ಮೆಕ್ಯಾನಿಕ್ಕು ಬೇರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂತ ಹೆದರಿಸಿ ಕಳಿಸಿದ್ದ. ಅದಕ್ಕೇ ಅವಳು ಯಡಿಯೂರು ಕೆರೆಯ ಹಿಂದಿನ ಈ ತಗಡಿನ ಶೆಡ್ಡಿಗೆ ಬಂದಿದ್ದು. ೧೯೯೭ರ ಜುಲೈ. ಶನಿವಾರದ ಬೆಳಗಿನ ಸ್ಕೂಲು ಮುಗಿಸಿ, ಪುಟ್ಟೇನಹಳ್ಳಿಯಿಂದ ದಾರಿಯುದ್ದಕ್ಕೂ ಜನ ತಿರುಗಿ ನೋಡುವಂತೆ ಕಾರು ಕಿರುಚಿಸಿಕೊಂಡು ಬಂದಿದ್ದಳು. ಮೂವತ್ತೆಂಟು ವರ್ಷದ ಗಣಿತದ ಟೀಚರ್‌ಗೆ ಅಷ್ಟು ಜನ ತಿರುಗಿ ನೋಡಿದ್ದು ಅದೇ ಮೊದಲಿರಬೇಕು.

ಮೌನೇಶ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಡೈನಮೋಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಅವನ ರೆಪ್ಪೆಗಳ ಮೇಲೂ ಧೂಳು ಕೂತಿತ್ತು. ಅಷ್ಟು ಶ್ರದ್ಧೆಯಿಂದ ಯಾರಾದರೂ ಏನನ್ನಾದರೂ ಕೇಳಿಸಿಕೊಳ್ಳುವುದನ್ನು ಚೂಡಾಮಣಿ ನೋಡಿ ಎಷ್ಟೋ ಕಾಲವಾಗಿತ್ತು.

"ನೀವೂ ಕೇಳ್ರಿ," ಅಂದ, ಹಿಡಿಯನ್ನು ತನ್ನ ಅಂಗಿಗೆ ಒರೆಸಿ ಕೊಡುತ್ತ. ಅವಳು ಬಗ್ಗಿ ಕಿವಿ ಕೊಟ್ಟಳು. ಒಳಗೆ ಒಂದೇ ಸಮನೆಯ, ನಯವಾದ ಗುಂಯ್‌ಗುಟ್ಟುವಿಕೆ.

"ಒಳಗ ಎಲ್ಲಾ ಚಲೋ ಅದರಿ. ಮ್ಯಾಲಷ್ಟೇ ಗದ್ದಲ."

ಕಾರಿನ ಬಗ್ಗೆ ಹೇಳಿದ್ದು. ಆದರೂ ಅವಳಿಗೆ ಕೆನ್ನೆ ಬಿಸಿಯಾಯಿತು.

ಇಂಜಿನ್ ನಿಲ್ಲಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಅದುಮಿ ತೋರಿಸಿದ. ಅರ್ಧ ಇಂಚು ಬಗ್ಗಬೇಕಾದದ್ದು ಒಂದೂವರೆ ಇಂಚು ಬಗ್ಗುತ್ತಿತ್ತು. ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು, ಅದಕ್ಕೇ ಜಾರುತ್ತಿತ್ತು, ಜಾರಿದ್ದಕ್ಕೇ ಕಿರುಚುತ್ತಿತ್ತು. ಹೊಸದನ್ನು ಹಾಕಿ, ಬಿಗಿ ಮಾಡಿ, ಹಳೆಯದನ್ನು ಸುತ್ತಿ ಡಿಕ್ಕಿಯಲ್ಲಿಟ್ಟ. ಆಮೇಲೆ ಪಕ್ಕದ ಸೀಟಿನಲ್ಲಿ ಕೂತು, "ಒಂದು ರೌಂಡ್ ಟ್ರಯಲ್ ನೋಡೂಣ್ರಿ. ನಾ ಕೇಳದೆ ಯಾವ ಗಾಡೀನೂ ಬಿಡಂಗಿಲ್ಲ," ಅಂದ. ಕೆರೆಯ ಸುತ್ತ ಒಂದು ಸುತ್ತು. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸದ್ದಿಲ್ಲದೆ ಹೋಯಿತು.

ತಪ್ಪಾಗಿದ್ದು ಅಲ್ಲೇ.

ಚೂಡಾಮಣಿಯ ಅಪ್ಪ ವೆಂಕಟಾಚಲ ಒಂದು ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದವರು. ಹೆಂಡತಿ ಹೋದ ಮೇಲೆ ಕಣ್ಣೂ ಹೋಯಿತು. ಮಗಳನ್ನು ನೋಡಲು ಬಂದ ಗಂಡುಗಳು ಕುರುಡು ಮಾವನನ್ನು ನೋಡಿ ಕಾಫಿ ಕುಡಿದು ಹೋದರು. ಜಯನಗರದ ಆ ಮನೆಯಲ್ಲಿ ಅವರಿಗೆ ಉಳಿದಿದ್ದ ಉದ್ಯೋಗ ಒಂದೇ: ತಿರುವಿನಲ್ಲಿ ಫಿಯೆಟ್ ಕಿರುಚಿದ್ದು ಕೇಳಿಸಿದರೆ ಎದ್ದು, ಚಪ್ಪಲಿ ಮೆಟ್ಟಿ, ಹನ್ನೊಂದು ಹೆಜ್ಜೆ ನಡೆದು, ಗೇಟು ತೆಗೆಯುವುದು. ಆ ಗೇಟೂ ಸಾಮಾನ್ಯದ್ದಲ್ಲ. ಜೋತುಬಿದ್ದಿತ್ತು. ಅದನ್ನು ತೆಗೆಯುವ ಮರ್ಮ ಗೊತ್ತಿದ್ದದ್ದು ಅಪ್ಪ ಮಗಳಿಗೆ ಮಾತ್ರ. ಹತ್ತು ವರ್ಷದಿಂದ ಬರುತ್ತಿದ್ದ ಹಾಲಿನವನು ಕಾಂಪೌಂಡಿನ ಮೇಲಿಂದಲೇ ಪ್ಯಾಕೆಟ್ ಕೊಡುತ್ತಿದ್ದ.

ಆ ಶನಿವಾರ ಅವಳು ತಾನೇ ಗೇಟು ತೆಗೆದು ಒಳಗೆ ಬಂದು, ಜಗಲಿಯ ಕುರ್ಚಿಯಲ್ಲಿದ್ದ ಅಪ್ಪನ ಭುಜ ಮುಟ್ಟಿದಳು. ಅವರು ಬೆಚ್ಚಿಬಿದ್ದರು.

"ಯಾರು?"

ಹೆತ್ತ ಅಪ್ಪ ತನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. "ನಾನು ಅಪ್ಪಾ. ಯಡಿಯೂರು ಕೆರೆ ಹಿಂದಿನ ಶೆಡ್ಡಲ್ಲಿ ಕಾರು ರಿಪೇರಿ ಆಯ್ತು. ಸದ್ದು ಹೋಯ್ತು."

"ಓಹೋ. ಒಳ್ಳೇದಾಯ್ತು ಬಿಡು," ಅಂದರು. ಒಳ್ಳೆಯದಾದವರ ಮುಖ ಹಾಗಿರುವುದಿಲ್ಲ.

ಸೋಮವಾರದಿಂದ ಅವರು ಮೂರೂವರೆಗೇ ಗೇಟಿನ ಹತ್ತಿರ ನಿಂತಿರತೊಡಗಿದರು. ಅವಳು ಬರುವುದು ನಾಲ್ಕೂಮುಕ್ಕಾಲಿಗೆ. ಐದು ದಿನ ನೋಡಿದಳು. ಬಿಸಿಲಿಗೆ ಬೋಳುತಲೆ ಕೆಂಪಗಾಗಿರುವುದನ್ನು ಕಂಡು ಶನಿವಾರ ನೇರ ಶೆಡ್ಡಿಗೆ ಹೋದಳು.

"ನನಗೆ ಆ ಸದ್ದು ವಾಪಸ್ ಬೇಕು."

ಮೌನೇಶ ಈ ಸಲ ತಲೆ ಎತ್ತಿದ. "ಈಗ ತಲಿ ನೆಟ್ಟಗಿಲ್ಲದವರು ಯಾರ್ರಿ ಅಕ್ಕೋರ?"

ಅವಳು ಎಲ್ಲ ಹೇಳಿದಳು. ಅವನು ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡಾಗ ಇದ್ದಷ್ಟೇ ಶ್ರದ್ಧೆಯಿಂದ ಕೇಳಿದ. ಆಮೇಲೆ ಹೊಸ ಬೆಲ್ಟ್ ಬಿಚ್ಚಿ, ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು, ಹಳೆಯದನ್ನೇ ಮತ್ತೆ ಏರಿಸಿದ.

"ಹೆಬ್ಬೆರಳಷ್ಟು ಸಡಿಲ ಬಿಡ್ತೀನ್ರಿ. ಇದಕ್ಕಿಂತ ಜಾಸ್ತಿ ಬಿಟ್ರ ಬ್ಯಾಟರಿ ಇಳೀತದ, ಇಂಜಿನ್ ಕಾಯ್ತದ. ಕಡಿಮಿ ಬಿಟ್ರ ಕಿರುಚಂಗಿಲ್ಲ. ವಾರಕ್ಕೊಮ್ಮೆ ನಾನ ನೋಡಬೇಕು. ಶನಿವಾರ ಶನಿವಾರ ಬರಬೇಕಾಗ್ತದ." ಸ್ಪ್ಯಾನರ್ ಒರೆಸುತ್ತ, "ನಡೀತದೇನ್ರಿ?" ಅಂದ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. "ಅಪ್ಪನಿಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ," ಅಂದಳು ಚೂಡಾಮಣಿ, ಬಲು ಗಂಭೀರವಾಗಿ.

ಹೀಗೆ ಕೆಟ್ಟ ಕಾರನ್ನು ಕೆಟ್ಟ ಹಾಗೇ ಕಾಪಾಡುವ ವ್ಯವಹಾರ ಶುರುವಾಯಿತು. ಶನಿವಾರ ಹನ್ನೆರಡಕ್ಕೆ ಅವಳು ಕೆರೆಯ ತಿರುವಿಗೆ ಬರುತ್ತಿದ್ದ ಹಾಗೇ ಅವನು ಬೇರೆ ಗಾಡಿಯ ಅಡಿಯಿಂದ ಹೊರಬಂದು ಕೈ ತೊಳೆದಿರುತ್ತಿದ್ದ. ಗ್ರೀಸ್ ಕೆಲಸಕ್ಕೆ ಮೊದಲು ಕೈ ತೊಳೆಯುವ ಮೆಕ್ಯಾನಿಕ್ಕನ್ನು ನೀವು ನೋಡಿದ್ದೀರಾ? ಅವಳು ನಿಂಬೆಹಣ್ಣಿನ ಚಿತ್ರಾನ್ನ ತಂದರೆ ಅವನು ತನ್ನೂರಿನ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಕೊಡುತ್ತಿದ್ದ. ಹೆಬ್ಬೆರಳಿನಿಂದ ಬೆಲ್ಟ್ ಅದುಮುವುದು, ನಟ್ಟನ್ನು ಕಾಲು ತಿರುವು ತಿರುಗಿಸುವುದು, ಆಮೇಲೆ ತಪ್ಪದೆ ಕೆರೆಯ ಸುತ್ತ ಟ್ರಯಲ್.

"ಸ್ವಲ್ಪ ನಿಧಾನ ಹೋಗ್ರಿ," ಅನ್ನುತ್ತಿದ್ದ ಮೌನೇಶ.

"ಸದ್ದು ಕೇಳಿಸ್ತಿಲ್ವಾ?"

"ಕೇಳಸ್ತದ. ಕೆರಿ ಸಣ್ಣದಾತು."

ಆ ಸುತ್ತುಗಳಲ್ಲೇ ಅವನು ಸುರಪುರದ ಕಡೆಯ ತನ್ನ ಊರಿನ ಬಗ್ಗೆ ಹೇಳಿದ್ದು. ಹೆಂಡತಿ ದಾನಮ್ಮ ಬಾಣಂತಿತನದಲ್ಲಿ ತೀರಿಕೊಂಡದ್ದು, ಮಗುವೂ ಉಳಿಯದ್ದು, ಆಮೇಲೆ ಅಲ್ಲಿ ನಿಲ್ಲಲಾರದೆ ಬಿಟಿಎಂನ ಒಂದು ಬಾಡಿಗೆ ಕೋಣೆ ಸೇರಿದ್ದು. ಅವಳು ಗೇರ್ ಬದಲಿಸುವುದನ್ನೂ ಮರೆತು ಕೇಳಿದ್ದಳು. ಅವರ ಕಡೆ ಟೀಚರ್‌ಗೆ ಅಕ್ಕೋರು ಅನ್ನುತ್ತಾರೆ. ದಾನಮ್ಮನ ವಿಷಯ ಹೇಳಿದ ಶನಿವಾರದಿಂದ ಅವನು ಹಾಗೆ ಕರೆಯುವುದನ್ನು ನಿಲ್ಲಿಸಿದ. ಬೇರೆ ಏನಂತ ಕರೆಯಬೇಕೋ ತಿಳಿಯದೆ ಏನೂ ಕರೆಯುತ್ತಿರಲಿಲ್ಲ. ಅವಳಿಗೆ ಅದು ಗೊತ್ತಾಗಿತ್ತು. ಗೊತ್ತಾಗದವಳಂತೆ ಇದ್ದಳು.

ಮನೆಯಲ್ಲಿ ಅಪ್ಪ ಗೇಟು ತೆಗೆದು, ಕಾರು ಒಳಗೆ ಬರುವಾಗ ಬಾನೆಟ್ಟನ್ನು ಸವರುತ್ತಿದ್ದರು. "ಇವತ್ತು ಸದ್ದು ಹದವಾಗಿದೆ ಕಣೇ. ಏನಾದ್ರೂ ವಿಶೇಷ?"

ಕದ್ದವಳ ಮನಸ್ಸು ಹುಳ್ಳುಳ್ಳಗೆ. "ಏನೂ ಇಲ್ಲ ಅಪ್ಪಾ," ಅನ್ನುತ್ತ ಒಳಗೆ ಓಡುತ್ತಿದ್ದಳು. ಪ್ರತಿ ಶನಿವಾರ ಅದೇ ಪ್ರಶ್ನೆ, ಅದೇ ಉತ್ತರ. ಒಂದೂವರೆ ವರ್ಷ.

ಹೇಳಬಾರದಿತ್ತೇ ಅಂತ ನೀವು ಕೇಳಬಹುದು. ಮೂವತ್ತೆಂಟು ದಾಟಿ ನಲವತ್ತಕ್ಕೆ ಬಂದವಳು ಮೆಕ್ಯಾನಿಕ್ಕಿನ ಹೆಸರು ಹೇಳಿದರೆ ಅಪ್ಪ ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆ. ಕಣ್ಣಿಲ್ಲದ ಅಪ್ಪನನ್ನು ಬಿಟ್ಟು ತನ್ನ ಸುಖ ನೋಡಿಕೊಂಡಂತಾಗುತ್ತದೆ ಎಂಬ ಸಂಕೋಚ. ಮುಂದಿನ ಶನಿವಾರ ಇದ್ದೇ ಇದೆಯಲ್ಲ ಎಂಬ ಧೈರ್ಯ.

೧೯೯೯ರ ಫೆಬ್ರವರಿ, ಒಂದು ಬುಧವಾರ. ನಾಲ್ಕೂಮುಕ್ಕಾಲಿಗೆ ತಿರುವಿನಲ್ಲಿ ಫಿಯೆಟ್ ಎಂದಿನಂತೆ ಕಿರುಚಿತು. ಗೇಟು ಮುಚ್ಚಿತ್ತು.

ಚೂಡಾಮಣಿ ಗೇಟಿನ ಮುಂದೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದಳು. ಕಿರುಚಿತು. ಕಾದಳು. ಮತ್ತೆ ಒತ್ತಿದಳು. ಎದುರು ಮನೆಯ ಲಕ್ಕವ್ವ ಆಂಟಿ ಹೊರಗೆ ಬಂದು ನೋಡಿದರು. ಮೂರನೆಯ ಸಲ ಒತ್ತುವಾಗ ಅವಳಿಗೆ ಗೊತ್ತಾಗಿತ್ತು, ಆದರೂ ಒತ್ತಿದಳು. ಒಳಗೆ ಅಪ್ಪ ಜಗಲಿಯ ಕುರ್ಚಿಯಲ್ಲೇ ಇದ್ದರು. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು.

ಆಮೇಲೆ ಐದು ಶನಿವಾರ ಕಾರು ನಿಂತಲ್ಲೇ ನಿಂತಿತ್ತು. ಬಸ್ಸಿನಲ್ಲಿ ಹೋಗಿ ಬಂದಳು. ಸಂಜೆ ಗೇಟು ತಾನೇ ತೆಗೆಯಬೇಕಾದಾಗಲೆಲ್ಲ ಒಂದು ನಿಮಿಷ ಹೊರಗೇ ನಿಲ್ಲುತ್ತಿದ್ದಳು. ಲೋಕದಲ್ಲಿ ತನ್ನ ಸದ್ದಿಗೆ ಕಿವಿಗೊಟ್ಟು ಕೂತವರು ಇನ್ನು ಯಾರೂ ಇಲ್ಲ ಎನ್ನುವುದು ಅವಳಿಗೆ ಪ್ರತಿದಿನವೂ ಆ ಗೇಟಿನ ಮುಂದೆಯೇ ಹೊಸದಾಗಿ ತಿಳಿಯುತ್ತಿತ್ತು.

ಆರನೆಯ ಶನಿವಾರ ಕೆರೆಯ ತಿರುವಿಗೆ ಕಾರು ತಂದಳು. ಮೌನೇಶ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಗಡ್ಡ ಬೆಳೆದಿತ್ತು. ಕೈ ತೊಳೆದಿದ್ದ.

"ಸುದ್ದಿ ಕೇಳಿದ್ಯಾ... ಕೇಳಿದ್ರಾ?" ಅಂದಳು, ತಡವರಿಸಿ.

"ಕೇಳಿದ್ನಿ. ಶನಿವಾರ ನೀವು ಬರಲಿಲ್ಲಂತ ನಿಮ್ಮ ರಸ್ತೆ ತನಕ ಬಂದಿದ್ನಿ. ಮನಿ ತುಂಬ ಮಂದಿ ಇದ್ರು. ನಾ ಯಾರು ಅಂತ ಹೇಳ್ಕೋಬೇಕೋ ತಿಳೀಲಿಲ್ಲ, ಹೊಳ್ಳಿ ಬಂದ್ನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನು ಸದ್ದು ಬೇಡ. ಹೊಸ ಬೆಲ್ಟ್ ಹಾಕಿಬಿಡಿ."

ಡಿಕ್ಕಿಯಿಂದ ಬೆಲ್ಟ್ ತೆಗೆದ. ಸುತ್ತಿದ್ದ ಪೇಪರು ಹಳದಿಯಾಗಿತ್ತು. ಹತ್ತು ನಿಮಿಷದ ಕೆಲಸಕ್ಕೆ ಅವನು ಒಂದು ಗಂಟೆ ತೆಗೆದುಕೊಂಡ. ಬಿಗಿ ಮಾಡಿದ್ದನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿದ. ಇದು ಮುಗಿದರೆ ಶನಿವಾರಗಳೂ ಮುಗಿದವು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

"ಇದು ಎಷ್ಟು ದಿನ ಬರತ್ತೆ?"

"ಎರಡು ವರ್ಷಕ್ಕೇನು ಮೋಸ ಇಲ್ರಿ."

"ಹಾಗಾದ್ರೆ ಎರಡು ವರ್ಷ ನಾನಿಲ್ಲಿಗೆ ಬರೋದು ಬೇಡ ಅನ್ನಿ."

ಅವನು ಬಾನೆಟ್ ಇಳಿಸಿದ. "ಬ್ಯಾಡ್ರಿ," ಅಂದ. ದನಿ ಅವನ ಕಿವಿಗೇ ಮುಟ್ಟಿತೋ ಇಲ್ಲವೋ.

ಟ್ರಯಲ್‌ಗೆ ಪಕ್ಕದಲ್ಲಿ ಕೂತ. ಕಾರು ಸದ್ದಿಲ್ಲದೆ ಕೆರೆ ಸುತ್ತಿತು. ಶೆಡ್ಡಿಗೆ ಎಡಕ್ಕೆ ತಿರುಗಬೇಕಾದಲ್ಲಿ ಚೂಡಾಮಣಿಯ ಕೈ ಬಲಕ್ಕೆ ತಿರುಗಿಸಿತು. ಮನೆಯ ತಿರುವಿನಲ್ಲಿ ಏನೂ ಕಿರುಚಲಿಲ್ಲ. ಗೇಟಿನ ಮುಂದೆ ನಿಲ್ಲಿಸಿ, ಹಳೆಯ ಅಭ್ಯಾಸದಂತೆ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕಾದಳು. ತಾನು ಕಾಯುತ್ತಿದ್ದೇನೆ ಎನ್ನುವುದು ಅರಿವಾದದ್ದೇ ತಡ, ಐದು ವಾರ ತಡೆದಿದ್ದ ಅಳು ಒಮ್ಮೆಗೇ ನುಗ್ಗಿ ಬಂತು.

ಮೌನೇಶ ಇಳಿದು ಹೋದ. ಗೇಟಿಗೆ ಕೈ ಹಾಕಿ ಎಳೆಯಲಿಲ್ಲ. ಚಿಲಕದ ಪಕ್ಕ ಹಿಡಿದು ಒಂದಿಷ್ಟು ಮೇಲಕ್ಕೆತ್ತಿ, ಕೆಳಗಿನ ಪಟ್ಟಿಗೆ ಮೊಣಕಾಲು ಒತ್ತಿ, ಆಮೇಲೆ ಎಳೆದ. ಗೇಟು ತೆರೆದುಕೊಂಡಿತು.

ಅವಳ ಅಳು ನಿಂತಿತು. ಇಂಜಿನ್ ಆರಿಸಿ ಇಳಿದಳು. "ಅದನ್ನ ಹಾಗೆ ತೆಗೀಬೇಕು ಅಂತ ನಿಮಗೆ ಯಾರು ಹೇಳಿದ್ರು?"

ಅವನು ಗೇಟಿನ ಕಂಬಿ ಹಿಡಿದೇ ನಿಂತಿದ್ದ. "ಸರ್ ಹೇಳಿದ್ರು. ದೀಪಾವಳಿ ಮುಗಿದ ಮ್ಯಾಲ ಆಟೋ ಮಾಡ್ಕೊಂಡು ಒಬ್ರ ಶೆಡ್ಡಿಗೆ ಬಂದಿದ್ರು. 'ನನಗೆ ಹೋಗಿರೋದು ಕಣ್ಣು, ಕಿವಿಯಲ್ಲಪ್ಪ' ಅಂದ್ರು. 'ಸದ್ದು ಹೋದಾಗ ಐದು ದಿನ ಬಿಸಿಲಲ್ಲಿ ನಿಂತು ಬರೀ ಇಂಜಿನ್ನಿನ ಸದ್ದು ಕಲ್ತುಕೊಂಡೆ. ಅಷ್ಟರಲ್ಲಿ ಇವಳು ಕಿರುಚು ವಾಪಸ್ ತಂದ್ಲು. ನನಗೆ ಅದು ಬೇಕಾಗಿಲ್ಲ. ಆದ್ರೆ ಶನಿವಾರ ನನ್ನ ಮಗಳು ನಗ್ತಾ ಕಾರಿಂದ ಇಳೀತಾಳೆ. ಅದಕ್ಕೇ ನೀನು ಸರಿ ಮಾಡ್ಬೇಡ. ಅವಳಾಗಿ ಹೇಳೋವರೆಗೂ ನಾನು ಬಂದಿದ್ದು ಹೇಳಲೂ ಬೇಡ' ಅಂದ್ರು. ಹೋಗೂ ಮುಂದ ಈ ಗೇಟು ಹೆಂಗ ತೆಗೀಬೇಕು ಅಂತ ಶೆಡ್ಡಿನ ಬಾಗಿಲ ಮ್ಯಾಲ ನನ್ನ ಕೈ ಹಿಡಿದು ತೋರಿಸಿದ್ರು. 'ಬೇಕಾಗತ್ತೆ, ನೆನಪಿಟ್ಕೋ' ಅಂದ್ರು."

ಏನಾದ್ರೂ ವಿಶೇಷ? ಪ್ರತಿ ಶನಿವಾರ ಅಪ್ಪ ಕೇಳುತ್ತಿದ್ದದ್ದು ಏನನ್ನು ಅಂತ ಚೂಡಾಮಣಿಗೆ ಈಗ ತಿಳಿಯಿತು. ಪ್ರತಿ ಶನಿವಾರ ಏನೂ ಇಲ್ಲ ಎನ್ನಿಸಿಕೊಂಡೇ ಅವರು ಗೇಟು ಹಾಕಿ ಒಳಗೆ ಬರುತ್ತಿದ್ದರು. ಒಂದೇ ಒಂದು ಸಲ ಹೂಂ ಅಂದಿದ್ದರೆ ಸಾಕಿತ್ತು.

"ನೀವಾದ್ರೂ ಬಾಯಿ ಬಿಡಬಾರದಿತ್ತಾ?"

"ಹೆದರಿದ್ನಿ. ನೀವು ಒಲ್ಲೆ ಅಂದ್ರ ಶನಿವಾರಾನೂ ಹೋಗ್ತದಲ್ಲ ಅಂತ ಹೆದರಿದ್ನಿ." ಅವನ ಕಣ್ಣೂ ತುಂಬಿತ್ತು. "ನೀವಂದ್ರ ನನಗ ಜೀವ, ಚೂಡಾಮಣಿ ಅವರ. ಇದನ್ನ ಸರ್ ಇದ್ದಾಗ ಹೇಳಬೇಕಿತ್ತು."

ಅವಳು ಕಾರಿಗೆ ಹೋಗಿ, ಸ್ಟಾರ್ಟ್ ಮಾಡಿ, ಒಳಗೆ ತಂದು ನಿಲ್ಲಿಸಿದಳು. ಅವನು ಬಾನೆಟ್ಟಿನತ್ತ ನೋಡುತ್ತ ಗೇಟಿನಲ್ಲೇ ಉಳಿದಿದ್ದ.

"ಗೇಟು ಹಾಕಿ," ಅಂದಳು.

"ಹೊರಗ ನಿಂತು ಹಾಕಲ್ರಿ, ಒಳಗ ನಿಂತು ಹಾಕಲ್ರಿ?"

"ಒಳಗೆ ನಿಂತು."

ಹಿಂದೆ ಗೇಟು ಎತ್ತಿ ಕೂರಿಸಿದ ಸದ್ದು ಕೇಳಿಸಿತು. ಚೂಡಾಮಣಿ ಜಗಲಿ ಹತ್ತಿ, ಖಾಲಿ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಅದರ ಕೈಗೆ ಹಣೆ ಹಚ್ಚಿದಳು.

"ಇವತ್ತು ವಿಶೇಷ ಇದೆ ಅಪ್ಪಾ," ಅಂದಳು.