ಕಡಲೆಕಾಯಿ ತಿನ್ನದ ಡಾಕ್ಟರಮ್ಮ

“ಹಾಗಾದ್ರೆ ನಮ್ಮಮ್ಮ ಸುಳ್ಳು ಹೇಳಿದ್ರು ಅಂತೀರಾ?!”

ಆಸ್ಪತ್ರೆಯ ಮೇಲಂತಸ್ತಿನ ಪಾಠದ ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಮೂಳೆ ಡಾಕ್ಟರೂ ಕಣ್ಣು ಬಿಟ್ಟರು.

ಎದ್ದು ನಿಂತವಳು ಆ ಆಸ್ಪತ್ರೆಯ ಮಕ್ಕಳ ಡಾಕ್ಟರು. ಎದುರಿಗೆ, ಬೋರ್ಡಿನ ಪಕ್ಕ ನಿಂತವನು ಹೊರಗಿನಿಂದ ಬಂದ ಅಲರ್ಜಿ ತಜ್ಞ. ಅಲರ್ಜಿಯನ್ನು ಗುರುತಿಸುವುದು ಹೇಗೆ, ಚಿಕಿತ್ಸೆ ಕೊಡುವುದು ಹೇಗೆ ಎಂದು ಅಲ್ಲಿನ ಡಾಕ್ಟರುಗಳಿಗೂ ನರ್ಸುಗಳಿಗೂ ಪಾಠ ಹೇಳಲು ಬಂದಿದ್ದ. ನರ್ಸುಗಳು ಆಗಲೇ ಅವನಿಗೆ ‘ಅಲರ್ಜಿ ಮೇಷ್ಟ್ರು’ ಎಂದು ಹೆಸರಿಟ್ಟಾಗಿತ್ತು.

ಅವನು ಅಂದದ್ದಿಷ್ಟೇ: “ಚಿಕ್ಕವಯಸ್ಸಲ್ಲಿ ಅಲರ್ಜಿ ಇತ್ತು ಅನ್ನೋರಲ್ಲಿ ಎಷ್ಟೋ ಜನಕ್ಕೆ ಅದು ಇರೋದೇ ಇಲ್ಲ. ಸುಮ್ನೆ ಜನ್ಮಪೂರ್ತಿ ಹೆದರ್ಕೊಂಡು ಬದುಕ್ತಾರೆ.”

ಅವಳಿಗೆ ಅದು ಸೀದಾ ಎದೆಗೆ ನಾಟಿತ್ತು. ಪುಟ್ಟವಳಿದ್ದಾಗ ಕಡಲೆಕಾಯಿ ತಿಂದು ಮೈಯೆಲ್ಲ ದದ್ದೆದ್ದಿತ್ತಂತೆ. ಅಂದಿನಿಂದ ಅವಳಮ್ಮ ಮನೆಯೊಳಗೆ ಒಂದು ಕಾಳನ್ನೂ ಬಿಟ್ಟುಕೊಂಡಿರಲಿಲ್ಲ.

“ಅವತ್ತು ನಿಮಗೆ ಜ್ವರ ಇತ್ತಾ?” ಅವನು ಮೆಲ್ಲಗೆ ಕೇಳಿದ.

“ಇತ್ತಂತೆ...”

“ಆಮೇಲೆ ಯಾವಾಗಾದ್ರೂ ಪರೀಕ್ಷೆ ಮಾಡಿಸಿದೀರಾ?”

“...ಇಲ್ಲ.”

“ಜ್ವರಕ್ಕೇ ಮಕ್ಕಳಿಗೆ ಹಾಗೆ ದದ್ದೇಳುತ್ತೆ, ನಿಮಗೆ ಗೊತ್ತಿರೋದೇ. ನಿಮ್ಮಮ್ಮ ಸುಳ್ಳು ಹೇಳಿಲ್ಲ, ಕಂಡಿದ್ದನ್ನ ಹೇಳಿದ್ರು. ವಿಚಾರಿಸಬೇಕಾಗಿದ್ದು ಡಾಕ್ಟರಾದ ನೀವು!”

ಕೋಣೆಯಲ್ಲಿ ಕಿಸಕ್ಕೆಂದು ನಗು. ಅವಳು ಧಡಕ್ಕನೆ ಕೂತಳು.

‘ಅಬ್ಬಾ, ಎಷ್ಟು ಜಂಬ ಈ ಮನುಷ್ಯನಿಗೆ!’

ಆದರೂ ಆ ಮಾತು ಬೆನ್ನು ಬಿಡಲಿಲ್ಲ. ತಾನು ಹೆದರಿದ್ದು ಹಾಗಿರಲಿ... ಹೀಗೇ ಪರೀಕ್ಷೆಯಿಲ್ಲದೆ ಎಷ್ಟು ತಾಯಂದಿರಿಗೆ ‘ಮೊಟ್ಟೆ ಬೇಡ, ಹಾಲು ಬೇಡ’ ಎಂದು ಹೇಳಿ ಕಳಿಸಿದ್ದಾಳೋ! ಮರುದಿನ ಕ್ಯಾಂಟೀನಿನಲ್ಲಿ ಅವನ ಮುಂದೆ ಹೋಗಿ ನಿಂತಳು.

“ನನಗೇ ಪರೀಕ್ಷೆ ಮಾಡಿ. ಎಲ್ಲರೂ ನೋಡಿ ಕಲೀಲಿ.”

ಅವನು ಚಹಾದ ಲೋಟ ಕೆಳಗಿಟ್ಟ. ಆಮೇಲೆ, “ನಿನ್ನೆ ಅಷ್ಟು ಜನರ ಮುಂದೆ ಹಾಗನ್ನಬಾರದಿತ್ತು. ಬೇಜಾರು ಮಾಡ್ಕೋಬೇಡಿ” ಎಂದ. ಆ ದನಿಯಲ್ಲಿ ಜಂಬದ ಸುಳಿವೂ ಇರಲಿಲ್ಲ. ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಅವಳತ್ತ ತಳ್ಳುವ ಮೊದಲು ಪೊಟ್ಟಣ ತಿರುಗಿಸಿ, ಅದರಲ್ಲಿ ಕಡಲೆಕಾಯಿ ಇಲ್ಲವೆಂದು ಖಾತ್ರಿ ಮಾಡಿಕೊಂಡ.

ಅದನ್ನು ಅವಳು ಗಮನಿಸಿದಳು. ಯಾಕೋ ಮನಸ್ಸು ಬೆಣ್ಣೆಯಾಯಿತು.

ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಾಯಿತು, ಒಂದು ಗುಳ್ಳೆಯೂ ಏಳಲಿಲ್ಲ. ರಕ್ತಪರೀಕ್ಷೆಯಲ್ಲೂ ಏನೂ ಇಲ್ಲ. ಅಷ್ಟರಲ್ಲಿ ಪಾಠ ಮುಗಿದ ಮೇಲೂ ಇಬ್ಬರ ಮಾತು ಮುಗಿಯದಂತಾಗಿತ್ತು!

ಉಳಿದದ್ದು ಕೊನೆಯ ಪರೀಕ್ಷೆ, ತಿಂದು ನೋಡುವುದು. ಅಲರ್ಜಿ ಜೋರಾದರೆ ಕೊಡಲು ಅಡ್ರಿನಲಿನ್ ಇಂಜೆಕ್ಷನ್ ಕೈಗೆಟುಕುವಲ್ಲೇ ಇತ್ತು. ಡಾಕ್ಟರು, ನರ್ಸುಗಳೆಲ್ಲ ಮಂಚದ ಸುತ್ತ ನೆರೆದರು.

“ಬರೀ ಕೆನ್ನೆ ಕೆಂಪಾದ್ರೆ, ಎದೆ ಹೊಡ್ಕೊಂಡ್ರೆ ಪರೀಕ್ಷೆ ನಿಲ್ಲಿಸ್ಬೇಡಿ,” ಅವನು ವಿವರಿಸಿದ. “ಗಾಬರಿಗೂ ಹಾಗಾಗುತ್ತೆ. ದದ್ದು, ವಾಂತಿ, ಉಸಿರು, ಬಿಪಿ, ಇವನ್ನ ನೋಡಿ.”

ಚಮಚದ ತುದಿಯಷ್ಟು ಕಡಲೆಕಾಯಿ ಪೇಸ್ಟು ಅವಳ ಬಾಯಿಗೆ ಹೋಯಿತು. ಕಾದರು. ಏನೂ ಆಗಲಿಲ್ಲ. ಆಮೇಲೆ ಇನ್ನೊಂದಿಷ್ಟು. ನಾಡಿ ನೋಡಲು ಅವನು ಅವಳ ಮಣಿಕಟ್ಟು ಹಿಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದು ಕಂಡು ಬಗ್ಗಿ ಪಿಸುಗುಟ್ಟಿದ:

“ಹೆದರ್ಬೇಡಿ... ನಾನಿದೀನಲ್ಲ.”

ಅಷ್ಟೇ! ಅವಳ ಕೆನ್ನೆ ಕೆಂಡವಾಯಿತು. ನಾಡಿ ಓಟ ಕಿತ್ತಿತು!

ಅವನ ಮುಖ ಬಿಳಿಚಿಕೊಂಡಿತು. “ನಿಲ್ಸಿ! ಸಾಕು, ನಿಲ್ಸಿ!”

“ಸರ್, ದದ್ದಿಲ್ಲ, ಉಸಿರು ಸರಿಯಾಗಿದೆ, ಬಿಪಿನೂ ಸರಿಯಾಗಿದೆ,” ಹಿರಿಯ ನರ್ಸಮ್ಮ ಅಚ್ಚರಿಯಿಂದ ಕೇಳಿದಳು. “ಯಾಕೆ ನಿಲ್ಲಿಸಿದ್ರಿ?”

ಅವನು ಪೇಸ್ಟಿನ ಬಟ್ಟಲನ್ನು ದೂರ ಸರಿಸಿದ. “ಫಲಿತಾಂಶ ಸ್ಪಷ್ಟವಾಗಿಲ್ಲ. ಸದ್ಯಕ್ಕೆ ಕಡಲೆಕಾಯಿ ಬೇಡ,” ಎಂದಷ್ಟೇ ಹೇಳಿ ಹೊರನಡೆದ.

ಮರುದಿನ ಇನ್ನೊಂದು ಪೆಟ್ಟು. ಅವಳ ಕೇಸನ್ನು ಅವನು ಮಕ್ಕಳ ವಿಭಾಗದ ಮುಖ್ಯಸ್ಥೆಗೆ, ಎಲ್ಲರೂ ‘ದೊಡ್ಡ ಡಾಕ್ಟರಮ್ಮ’ ಅನ್ನುವ ಹೆಂಗಸಿಗೆ, ಒಪ್ಪಿಸಿಬಿಟ್ಟಿದ್ದ! ಕ್ಯಾಂಟೀನಿನಲ್ಲಿ ಅವಳನ್ನು ಕಂಡೊಡನೆ ಅರ್ಧ ಕುಡಿದ ಚಹಾ ಬಿಟ್ಟು ಎದ್ದುಹೋದ.

‘ಸಾಕಾಗಿ ಹೋಯ್ತಾ ನಾನು? ಪಾಠಕ್ಕೆ ಬೇಕಿದ್ದ ಗೊಂಬೆ, ಅಷ್ಟೇನಾ...?’ ಅವಳ ಕಣ್ಣು ತುಂಬಿ ಬಂತು.

ಅಮ್ಮನಿಗೆ ಫೋನು ಮಾಡಿ, ಪರೀಕ್ಷೆ ಅರ್ಧಕ್ಕೆ ನಿಂತದ್ದನ್ನು ಹೇಳಿದಳು.

“ನಾನು ಹೇಳಿರ್ಲಿಲ್ವಾ!” ಅಮ್ಮ ಶುರುಮಾಡಿದರು. “ಏನಾಯ್ತು? ದದ್ದೆದ್ದಿತಾ?”

“ಇಲ್ಲಮ್ಮ. ಕೆನ್ನೆ ಕೆಂಪಾಯ್ತು, ಎದೆ ಹೊಡ್ಕೊಳ್ತು.”

“ತಿಂದ ತಕ್ಷಣಾನಾ?”

“ಇಲ್ಲ... ಅವರು ಕೈ ಹಿಡ್ಕೊಂಡಾಗ.”

ಅಮ್ಮ ಗೊಳ್ಳೆಂದು ನಕ್ಕರು.

“ಅಯ್ಯೋ ಪೆದ್ದೀ! ಅದು ಕಡಲೆಕಾಯಿದಲ್ಲ ಕಣೇ! ಅಷ್ಟು ಓದಿ ಇಷ್ಟು ಗೊತ್ತಾಗಲ್ವಾ ನಿಂಗೆ?”

ಗೊತ್ತಾಗಿತ್ತು, ಆ ಕ್ಷಣದಲ್ಲೇ. ನಾಚಿಕೆಗೆ ಬಾಯಿ ಕಟ್ಟಿತ್ತು, ಅಷ್ಟೇ. ಆದರೆ ತಾನು ಸುಮ್ಮನಿದ್ದರೆ ಅಷ್ಟೂ ಡಾಕ್ಟರು ತಪ್ಪು ಪಾಠ ಕಲಿತು ಹೋಗುತ್ತಾರೆ. ಅವನೂ ಹೊರಟುಹೋಗುತ್ತಾನೆ...

ಅವನು ಬೋರ್ಡು ಒರೆಸುತ್ತಿದ್ದಾಗ ಹೋಗಿ ಬಾಗಿಲಲ್ಲಿ ನಿಂತಳು.

“ಪೇಷಂಟು ಡಾಕ್ಟರ ಹತ್ರ ಏನೂ ಮುಚ್ಚಿಡಬಾರದು. ನಾನು ಮುಚ್ಚಿಟ್ಟೆ.” ಒಳಗೆ ಒಂದು ಹೆಜ್ಜೆ ಇಟ್ಟಳು. “ಅವತ್ತು ನಾಡಿ ಓಡಿದ್ದು ತಿಂದಿದ್ದಕ್ಕಲ್ಲ. ನೀವು ಹತ್ರ ಬಂದ್ರಲ್ಲ... ಅದಕ್ಕೆ.”

ಅವನ ಕೈಯಿಂದ ಡಸ್ಟರು ಜಾರಿ ಬಿತ್ತು.

“ಬೇರೆಯವರಿಗೆ ಯಾಕೆ ದಾಟಿಸಿದ್ರಿ ನನ್ನ?” ಅವಳೇ ಕೇಳಿದಳು. “ಅಷ್ಟು ಬೇಡವಾದ್ನಾ?”

“ಬೇಡವಾ?!” ಅವನು ಒಂದೇ ಹೆಜ್ಜೆಗೆ ಮುಂದೆ ಬಂದ. “ನಿಮ್ಮ ಮುಖ ಕೆಂಪಾಗಿದ್ದೇ ತಡ, ನಾನು ಹೇಳಿಕೊಟ್ಟ ಪಾಠ ನನಗೇ ಮರೆತುಹೋಯ್ತು! ನಿಮಗೇನಾದ್ರೂ ಆಗ್ಬಿಟ್ರೆ ಅನ್ನೋ ಭಯ ಒಂದೇ. ಅಂಥವನು ನಿಮ್ಮ ಡಾಕ್ಟರಾಗಿ ಇರಬಾರದು ಅನ್ನಿಸ್ತು... ಡಾಕ್ಟರಾಗಿ ಮಾತ್ರ.”

ಕೊನೆಯ ಮಾತು ಅವಳಿಗೆ ಅರ್ಥವಾಗುವಷ್ಟರಲ್ಲಿ ಅಳುವೂ ನಗುವೂ ಒಟ್ಟಿಗೇ ಬಂದವು.

ಇಬ್ಬರೂ ಹೋಗಿ ನಿಜ ಹೇಳಿದ ಮೇಲೆ ಪರೀಕ್ಷೆ ಮತ್ತೆ ನಡೆಯಿತು. ಈ ಸಲ ದೊಡ್ಡ ಡಾಕ್ಟರಮ್ಮನ ಕೈಯಲ್ಲಿ. “ನೀವು ಆಚೆ ಇರಿ ಮೇಷ್ಟ್ರೇ, ನಾಡಿ ಕೆಡಿಸ್ಬೇಡಿ,” ಎಂದು ಅವರು ಅವನನ್ನು ಹೊರಗಟ್ಟಿದಾಗ ಕೋಣೆಗೆ ಕೋಣೆಯೇ ನಕ್ಕಿತು. ಅವಳು ಚಮಚ ಚಮಚವಾಗಿ ಬಟ್ಟಲು ಖಾಲಿ ಮಾಡಿದಳು. ಕಾದರು, ಮೈ ನೋಡಿದರು, ಉಸಿರು ಕೇಳಿದರು. ಊಹೂಂ, ಒಂದು ಸೀನೂ ಬರಲಿಲ್ಲ! ಚಪ್ಪಾಳೆಯೋ ಚಪ್ಪಾಳೆ!

ಆಮೇಲೆ ಅವನು ಎಲ್ಲರೆದುರು ನಿಂತು, “ಪರೀಕ್ಷೆ ತಪ್ಪಿರಲಿಲ್ಲ, ನಿಲ್ಲಿಸಿದ ನಾನು ತಪ್ಪಿದ್ದೆ. ಬರೆದುಕೊಳ್ಳಿ,” ಎಂದ. ಅದೇ ಅವನ ಕೊನೆಯ ಪಾಠ.

ಮೊಗಸಾಲೆಯ ಕಿಟಕಿಯ ಬಳಿ ಅವಳು ಕಾಯುತ್ತಿದ್ದಳು.

“ಹೇಗಿತ್ತು ರುಚಿ?”

“ಅಂಗುಳಕ್ಕೆ ಅಂಟುತ್ತೆ. ಇದಕ್ಕಾ ನಾನು ಅಷ್ಟು ಹೆದರಿದ್ದು!” ನಕ್ಕವಳು ತಲೆ ತಗ್ಗಿಸಿದಳು. “ಈಗ ನಾನು ನಿಮ್ಮ ಪೇಷಂಟಲ್ಲ ಅಲ್ವಾ?”

“ಅಲ್ಲ.”

“ಸ್ಟೂಡೆಂಟೂ ಅಲ್ಲ?”

“ಪಾಠ ಮುಗೀತಲ್ಲ.”

“ಹಾಗಾದ್ರೆ... ಇನ್ಮೇಲೆ ಏನು?”

“ನೀವು ಒಪ್ಪಿದ್ರೆ...” ಅವನು ಕೈ ಚಾಚಿದ. “ನಿಮ್ಮ ಜೊತೆ ಇರೋನು. ಯಾವಾಗಲೂ.”

“ಮೊದಲು ಆ ‘ನೀವು’ ಬಿಡಿ.”

“ಬಿಟ್ಟೆ. ಈಗ ಹೇಳು.”

“ಒಪ್ಪಿದೆ ಕಣೋ!”